ಮೂರನೆಯ ಕರೆಗಂಟೆ

ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ಕಿವಿಯಂತ್ರದ ಅಂಗಡಿಯ ಕಡೆ ಯಾರೂ ತಲೆ ಹಾಕುವುದಿಲ್ಲ. ಕಿವಿ ಮಂದವಾದವರೆಲ್ಲ ಉಂಡು ಮಲಗುವ ಹೊತ್ತು ಅದು ಎಂದು ಅಂಗಡಿಯ ಒಡತಿ ಡಾಕ್ಟರಮ್ಮ ತಮಾಷೆ ಮಾಡುತ್ತಿದ್ದರು. ಆ ಹೊತ್ತಿನಲ್ಲಿ, ಅಲ್ಲಿ ಕೆಲಸಕ್ಕಿದ್ದ ಅವಳು ಅಣ್ಣನ ಮನೆಗೆ ಹೋಗಿಬರುತ್ತಿದ್ದಳು. ಹೋಗುವುದೆಂದರೆ ಕಾಲೆತ್ತಿ ಹೋಗುವುದಲ್ಲ. ಬೆರಳ ಸಂದಿಗೆ ಅಂಟಿದ, ಕಿವಿಯ ಅಚ್ಚು ತೆಗೆಯುವ ಗುಲಾಬಿ ಬಣ್ಣದ ಹಿಟ್ಟನ್ನು ಉಗುರಿನಿಂದ ಕೆರೆದು ತೆಗೆದು, ಮೂಲೆಯ ಮೇಜಿಗೆ ಕುರ್ಚಿ ಎಳೆದುಕೊಂಡು, ಕಂಪ್ಯೂಟರಿನಲ್ಲಿ ಆ ಆ್ಯಪ್ ತೆರೆದು ಅಣ್ಣನ ಹೆಸರು ಬರೆಯುವುದು. ಎರಡಕ್ಷರ ಬರೆಯುವಷ್ಟರಲ್ಲೇ ಅದು ಅವನನ್ನು ಹುಡುಕಿ ಕೊಡುತ್ತಿತ್ತು. ಮೂರು ವರ್ಷದಿಂದ ಮಾತು ಬಿಟ್ಟ ಅಣ್ಣ ಇಷ್ಟು ಸಲೀಸಾಗಿ ಸಿಕ್ಕಿಬಿಡುವುದು ಒಮ್ಮೊಮ್ಮೆ ಅವಳಿಗೆ ಅವಮಾನ ಅನಿಸುತ್ತಿತ್ತು. ಭಾನುವಾರ ಅಂಗಡಿಗೆ ರಜ, ಅವಳ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರ್ ಇಲ್ಲ, ಹಾಗಾಗಿ ಭಾನುವಾರ ಅಣ್ಣನ ಮನೆಯೂ ಬಾಗಿಲು ಹಾಕಿದ ಹಾಗೆಯೇ. ಫೋನಿನಲ್ಲಿ ನೋಡಬಹುದಿತ್ತು. ಆದರೆ ಅವಳಿಗೆ ತನ್ನ ಹೆಬ್ಬೆರಳಿನ ಮೇಲೆ ನಂಬಿಕೆ ಇರಲಿಲ್ಲ. ಅದು ಎಲ್ಲಾದರೂ ಜಾರಿ ಮೆಚ್ಚುಗೆಯ ಗುರುತಿನ ಮೇಲೆ ಬಿದ್ದುಬಿಟ್ಟರೆ, ಕದ್ದು ಇಣುಕುತ್ತಿದ್ದವಳು ಕೈಯಾರೆ ಸಿಕ್ಕಿಬಿದ್ದಂತೆ. ಮೌಸು ಹಾಗಲ್ಲ, ಹೇಳಿದ ಮಾತು ಕೇಳುತ್ತದೆ.

ಆ ಆ್ಯಪನ್ನು ಹಾಕಿಸಿದವರು ಡಾಕ್ಟರಮ್ಮನೇ. ಬ್ರೌಸರ್ ಕೈಗೆ ಕೊಟ್ಟರೆ ಇವರೆಲ್ಲ ಸೀರೆ, ಸಿನಿಮಾ, ಜ್ಯೋತಿಷ್ಯ ಅಂತ ಊರೂರು ಅಲೆಯುತ್ತಾರೆ ಎಂದು, ಸೋಷಿಯಲ್ ಮೀಡಿಯಾ ಒಂದನ್ನೇ ತೋರಿಸುವ ಬೇರೆಯದೇ ಆ್ಯಪ್ ತರಿಸಿದ್ದರು. ಅದಕ್ಕೆ ಮೇಲೆ ವಿಳಾಸ ಬರೆಯುವ ಪಟ್ಟಿಯಿಲ್ಲ, ಪಕ್ಕದಲ್ಲಿ ಟ್ಯಾಬುಗಳಿಲ್ಲ, ಹಿಂದೆ ಹೋಗುವ ದಾರಿಯೂ ಹೊರಗೆ ಹೋಗುವ ದಾರಿಯೂ ಇಲ್ಲ. ಒಂದೇ ವಿಂಡೋ, ನಾಲ್ಕು ಗೋಡೆಯ ಕೋಣೆಯ ಹಾಗೆ. ಎಡಗಡೆ ಮೂಲೆಯಲ್ಲಿ ಎರಡು ದುಂಡನೆಯ ಚಿತ್ರಗಳು: ಒಂದು ಅಂಗಡಿಯದು, ಗುಲಾಬಿ ಬಣ್ಣದ ಕಿವಿ, ಅದರ ಕೆಳಗೆ ಫೋಟೊ ಇಲ್ಲದ ಬೂದು ಬಣ್ಣದ ವೃತ್ತ, ಅದು ಅವಳದು. ಎಂಟು ತಿಂಗಳ ಹಿಂದೆ ಡಾಕ್ಟರಮ್ಮ ರಜದ ಮೇಲಿದ್ದಾಗ ಅವಳು ತನ್ನ ಖಾತೆಯನ್ನೂ ಅಲ್ಲಿ ತಂದು ಸೇರಿಸಿದ್ದಳು. ನಲವತ್ತೇಳು ವರ್ಷದ ಬಾಳಿನಲ್ಲಿ ಮಾಡಿದ ಕಳ್ಳತನ ಅಂದರೆ ಅಷ್ಟೇ. ಯಾವ ಚಿತ್ರವನ್ನು ಒತ್ತಿದರೆ ಅದರ ಸುತ್ತ ನೀಲಿ ಉಂಗುರ ಮೂಡುತ್ತಿತ್ತು, ಆಗ ಏನು ಬರೆದರೂ ಅವರ ಹೆಸರಿನಲ್ಲಿ ಹೋಗುತ್ತಿತ್ತು. ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ಉಂಗುರ ತಾನಾಗಿಯೇ ಗುಲಾಬಿ ಕಿವಿಗೆ ಮರಳುತ್ತಿತ್ತು. ಯಾರೂ ತಪ್ಪು ಮಾಡಬಾರದೆಂದು ಡಾಕ್ಟರಮ್ಮ ಮಾಡಿಸಿದ ಏರ್ಪಾಡು ಅದು.

ಅಂಗಡಿಯ ಹೆಸರಿನಲ್ಲಿ ಜನರಿಗೆ ಉತ್ತರ ಬರೆಯುವುದೂ ಅವಳ ಕೆಲಸವೇ. 'ನಾವು ಬೆಳಿಗ್ಗೆ ಹತ್ತರಿಂದ ತೆರೆದಿರುತ್ತೇವೆ.' 'ನಾವು ನಿಮ್ಮನ್ನು ಸಂಪರ್ಕಿಸುತ್ತೇವೆ.' ಕೋಣೆಗೆ ಹೋಗಿ ಒಂದೇ ತಟ್ಟೆ, ಒಂದೇ ಲೋಟ ತೊಳೆದಿಡುವವಳು ದಿನವಿಡೀ ನಾವು ನಾವು ಎಂದು ಬರೆಯಬೇಕಾದದ್ದು ಅವಳಿಗೆ ಮೊದಮೊದಲು ನಗು ತರಿಸುತ್ತಿತ್ತು. ಆಮೇಲೆ ನಗುವೂ ಬರಲಿಲ್ಲ. ಒಂದು ಸಂಜೆ ತರಕಾರಿಯವನು 'ಎಷ್ಟು ಜನಕ್ಕೆ ಅಕ್ಕ?' ಎಂದು ಕೇಳಿದಾಗ 'ನಾವು ಒಬ್ಬರೇ' ಅಂದುಬಿಟ್ಟಿದ್ದಳು. ಅವನು ತಕ್ಕಡಿ ಹಿಡಿದವನು ಹಾಗೆಯೇ ನಿಂತು ಅವಳನ್ನೇ ನೋಡಿದ್ದ.

ಈ ಹೊತ್ತು ಅಣ್ಣನ ಪುಟದಲ್ಲಿ ಹೊಸ ಫೋಟೊ ಇತ್ತು. ಬಾಗಿಲ ಚೌಕಟ್ಟು, ಅದರ ಮೇಲೆ ಹೊಳೆಯುವ ಬಿಳಿ ಕರೆಗಂಟೆ. ಕೆಳಗೆ ಅವನ ಮಾತು: 'ಒಂದು ವರ್ಷದಲ್ಲಿ ಇದು ಮೂರನೆಯ ಬೆಲ್ಲು. ಇದೂ ದಂಡ. ಕೊರಿಯರ್‌ನವನು ಹತ್ತು ಸಲ ಒತ್ತಿದೆ ಅಂತಾನೆ. ಈಗಿನ ಕಾಲದಲ್ಲಿ ನೆಟ್ಟಗೆ ಸದ್ದು ಮಾಡೋ ಒಂದು ವಸ್ತು ತಯಾರಿಸೋಕೆ ಯಾರಿಗೂ ಬರಲ್ಲ.' ಅವಳು ಅದನ್ನು ಓದಿ, ಪುಟವನ್ನು ಕೆಳಗೆ ಸರಿಸಿದಳು. ಹಿಂದಿನ ತಿಂಗಳು ಟಿವಿಯ ಸದ್ದಿನ ಬಗ್ಗೆ ಅತ್ತಿಗೆಗೂ ತನಗೂ ನಡೆಯುವ ಜಗಳವನ್ನು ಅವನು ತಮಾಷೆಯಾಗಿ ಬರೆದಿದ್ದ. ಅದಕ್ಕೂ ಮೊದಲು, ಬ್ಯಾಂಕಿನಲ್ಲಿ ಕೂತ ಹೆಣ್ಣುಮಕ್ಕಳೆಲ್ಲ ಬಾಯೊಳಗೇ ಗೊಣಗುತ್ತಾರೆ ಎಂದು. ಅವನ ಸ್ನೇಹಿತರು ಹಲ್ಲು ಕಿರಿಯುವ ಹಳದಿ ಮುಖಗಳನ್ನು ಅಂಟಿಸಿದ್ದರು. ಹದಿನೆಂಟು ವರ್ಷದಿಂದ ಈ ಅಂಗಡಿಯ ಬಾಗಿಲಲ್ಲಿ ಮೊದಲ ಸಲ ಕಾಲಿಡುವ ಪ್ರತಿಯೊಬ್ಬರೂ ಹೇಳುವ ಮಾತು ಅದೇ: ನನಗೆ ಕೇಳಿಸುತ್ತೆ, ಅವರೇ ಗೊಣಗ್ತಾರೆ. ಸಣ್ಣ ದನಿಗಳು ಮೊದಲು ಹೋಗುತ್ತವೆ, ಹೆಂಗಸರ ಮಾತು, ಹಕ್ಕಿಗಳು, ಕರೆಗಂಟೆ. ಅಪ್ಪನೂ ಅಲಾರಾಂ ಗಡಿಯಾರವನ್ನು ಎರಡು ಸಲ ರಿಪೇರಿಗೆ ಕೊಟ್ಟಿದ್ದರು. ಆರು ತಿಂಗಳಿಂದ ಅವಳು ಇದನ್ನೆಲ್ಲ ನೋಡುತ್ತಿದ್ದಳು. ಅಣ್ಣನ ಕಿವಿ ದಿನದಿನಕ್ಕೂ ಮುಚ್ಚಿಕೊಳ್ಳುವುದನ್ನು ಅವನ ಹೆಂಡತಿಗಿಂತ, ಅವನಿಗಿಂತ ಸ್ಪಷ್ಟವಾಗಿ ಈ ಮೂಲೆಯ ಮೇಜಿನಲ್ಲಿ ಕೂತು ನೋಡುತ್ತಿದ್ದಳು, ತುಟಿ ಪಿಟಕ್ಕೆನ್ನದೆ. ಹೇಳಬೇಕಾದರೆ ಮಾತಾಡಬೇಕು. ಮಾತಾಡಬೇಕಾದರೆ ಅಪ್ಪನ ವಿಷಯದಿಂದಲೇ ಶುರು ಮಾಡಬೇಕು.

ಯಂತ್ರ ಸರಿಯಾಗಿ ಕೂರಲೆಂದು ಕಿವಿಯ ಅಚ್ಚು ತೆಗೆಯುವುದಕ್ಕೆ ಐದು ನಿಮಿಷ ಬೇಕು. ದಾರ ಕಟ್ಟಿದ ಪುಟ್ಟ ಸ್ಪಂಜನ್ನು ಕಿವಿಯೊಳಗೆ ಇಳಿಸಿ, ಎರಡು ಬಗೆಯ ಹಿಟ್ಟನ್ನು ಸೇರಿಸಿ ನಾದಿ, ಸಿರಿಂಜಿನಲ್ಲಿ ತುಂಬಿ ಕಿವಿಗೆ ಬಿಡಬೇಕು. ಆಮೇಲೆ ಕಾಯಬೇಕು. ಅದು ಗಟ್ಟಿಯಾಗುವ ತನಕ ಮುಟ್ಟಬಾರದು. ಅಪ್ಪನ ಕಿವಿಯಿಂದ ಅವಳು ಮೂರು ನಿಮಿಷಕ್ಕೇ ಎಳೆದಿದ್ದಳು. ಹೊರಗೆ ಆರು ಜನ ಕಾಯುತ್ತಿದ್ದರು, ಮನೆಯವರಿಗೆ ಅಂತ ಹೊತ್ತು ಕಳೆಯುತ್ತಾಳೆ ಅನ್ನಬಾರದು ಅನ್ನುವ ಬಿಗುಮಾನ ಬೇರೆ. ಕೈಗೆ ಬಂದ ಅಚ್ಚಿನ ತುದಿ ಕೂದಲೆಳೆಯಷ್ಟು ಸೊಟ್ಟಗಾಗಿತ್ತು, ಅವಳ ಕಣ್ಣಿಗೆ ಬಿದ್ದಿತ್ತು ಕೂಡ. ನಡೆಯುತ್ತದೆ ಅಂದುಕೊಂಡಳು. ಯಂತ್ರ ಹಾಕಿಕೊಟ್ಟ ಮೇಲೆ ಅಪ್ಪ ಒಂದೇ ಒಂದು ಸಲ, ಕಿವಿಯನ್ನು ಮುಟ್ಟಿ, 'ನೋಯುತ್ತೆ ಕಣೇ' ಎಂದರು. 'ಅಭ್ಯಾಸ ಆಗುತ್ತಪ್ಪ' ಎಂದಳು. ಅದು ಅವಳು ದಿನಕ್ಕೆ ಹತ್ತು ಸಲ ಆಡುವ ಮಾತು, ಬಾಯಿಗೆ ತಾನಾಗಿಯೇ ಬರುತ್ತದೆ. ಅಪ್ಪ ಇನ್ನೊಂದು ಸಲ ಹೇಳಲಿಲ್ಲ. ಅಣ್ಣನ ಮನೆಯಲ್ಲಿ ಕಳೆದ ಕೊನೆಯ ವರ್ಷ, ವಾರಕ್ಕೊಮ್ಮೆ ಅವಳು ಹೋದಾಗಲೆಲ್ಲ ಯಂತ್ರ ಅವರ ಕಿವಿಯಲ್ಲಿರುತ್ತಿತ್ತು. ಅವಳು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು. ಒಂದು ಸಂಜೆ, ಯಾಕೋ, ಯಾರಿಗೂ ಹೇಳದ ಮಾತನ್ನು ಅವರ ಮುಂದೆ ಹೇಳಿಕೊಂಡಿದ್ದಳು: ಕೋಣೆಯ ಬೀಗ ತೆಗೆಯುವಾಗ ಒಳಗೆ ಯಾರಾದರೂ ಕೆಮ್ಮಬಾರದೇ ಅನಿಸುತ್ತದೆ ಅಪ್ಪ, ಎಂದು. ಅಪ್ಪ ತಲೆಯಾಡಿಸಿ ನಕ್ಕಿದ್ದರು. ಆ ನಗುವನ್ನು ಅವಳು ಎಷ್ಟೋ ದಿನ ಜೋಪಾನ ಮಾಡಿಕೊಂಡಿದ್ದಳು. ಅಪ್ಪ ಹೋದ ಮೇಲೆ ಅಂಗಿಯ ಗುಂಡಿಗಳ ಡಬ್ಬಿಯಲ್ಲಿ ಯಂತ್ರ ಸಿಕ್ಕಿತು. ಅಣ್ಣ ಅದನ್ನು ಅಂಗೈಯಲ್ಲಿ ಹಿಡಿದು ತೋರಿಸಿದ. ಆಮೇಲೆ ಮನೆಯಲ್ಲಿ ಬದಲಿಸಿದ್ದ ಬ್ಯಾಟರಿಯ ಮೇಲೆ ಕಿತ್ತಳೆ ಬಣ್ಣದ ಚೀಟಿ ಹಾಗೆಯೇ ಅಂಟಿಕೊಂಡಿತ್ತು. ಆ ಚೀಟಿ ಕಿತ್ತರೆ ಮಾತ್ರ ಬ್ಯಾಟರಿಗೆ ಜೀವ ಬರುವುದು. 'ಊರಿನವರ ಕಿವಿಗೆಲ್ಲ ಅಚ್ಚು ತೆಗೀತೀಯ. ಅಪ್ಪನ ಕಿವಿ ಮಾತ್ರ ನಿನ್ನ ಕೈಗೆ ಸಿಗಲಿಲ್ಲ' ಎಂದ ಅಣ್ಣ. ಅದೇ ಅವನು ಆಡಿದ ಕೊನೆಯ ಮಾತು.

ಅವಳು ಬೂದು ವೃತ್ತವನ್ನು ಒತ್ತಿದಳು. ನೀಲಿ ಉಂಗುರ ಅದರ ಸುತ್ತ ಮೂಡಿತು. ಕರೆಗಂಟೆಯ ಫೋಟೊದ ಕೆಳಗಿನ ಖಾಲಿ ಜಾಗದಲ್ಲಿ 'ಅಣ್ಣ' ಎಂದು ಬರೆದು ಅಳಿಸಿದಳು. 'ಬೆಲ್ಲು ಚೆನ್ನಾಗಿದೆ' ಎಂದು ಬರೆದು ಅಳಿಸಿದಳು. ಅತ್ತಿಗೆಗೆ ಫೋನ್ ಮಾಡಿ ಹೇಳಿಬಿಡಬಹುದು. ಆದರೆ ಅತ್ತಿಗೆ ಲೈಬ್ರರಿಯಲ್ಲಿ ಏಳು ಗಂಟೆಯವರೆಗೆ ಕೆಲಸ ಮಾಡಿ ಬಂದು ಇದನ್ನು ಅವನ ಮುಂದೆ ಎತ್ತಿದರೆ, ಯಾರು ಹೇಳಿದ್ದು ಎಂದು ಅವನು ಕೇಳಿಯೇ ಕೇಳುತ್ತಾನೆ. ಕೊನೆಗೆ ಅವಳು ನಿಲ್ಲಿಸದೆ ಬರೆದಳು: 'ಅಣ್ಣ, ಬೆಲ್ಲು ಸರಿಯಾಗಿದೆ. ನಿನ್ನ ಕಿವಿ ತೋರಿಸಿಕೋ. ಅಪ್ಪನಿಗೆ ಆದ ಹಾಗೆ ನಿನಗೆ ಆಗೋದು ಬೇಡ. ಅಪ್ಪ ನೋಯುತ್ತೆ ಅಂದಾಗ ನಾನು ಅಭ್ಯಾಸ ಆಗುತ್ತೆ ಅಂದೆ. ಅಚ್ಚು ಸೊಟ್ಟಗಿತ್ತು, ನನಗೆ ಗೊತ್ತಿತ್ತು. ತಪ್ಪು ನನ್ನದು.' ಕೈ ಕಳಿಸುವ ಗುಂಡಿಯ ಹತ್ತಿರ ಹೋಯಿತು. ಅಷ್ಟರಲ್ಲಿ ಗಾಜಿನ ಬಾಗಿಲು ಕಿರ್ರೆಂದಿತು.

ಬಂದವರು ಸ್ಟೇಷನ್ ಮಾಸ್ಟರ್. ನಿವೃತ್ತರಾಗಿ ಹನ್ನೆರಡು ವರ್ಷವಾಗಿದ್ದರೂ ಅಂಗಡಿಯಲ್ಲಿ ಅವರ ಹೆಸರೇ ಅದು. ಮಧ್ಯಾಹ್ನ ನಿದ್ದೆ ಬಾರದ ಒಬ್ಬರೇ ಗಿರಾಕಿ. ಹದಿನೈದು ದಿನದ ಹಿಂದೆ ಹಾಕಿಸಿಕೊಂಡ ಯಂತ್ರವನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು.

'ಇದು ಚುಚ್ಚುತ್ತಮ್ಮ' ಎಂದರು, ಕಿವುಡರ ದೊಡ್ಡ ದನಿಯಲ್ಲಿ.

'ಹೊಸದರಲ್ಲಿ ಹಾಗೇ ಸರ್. ಅಭ್ಯಾಸ ಆಗುತ್ತೆ' ಎಂದಳು ಅವಳು, ಅವರ ಕಿವಿಯ ಹತ್ತಿರ ಬಾಗಿ.

ಅವರು ತಲೆಯಾಡಿಸಿದರು. ಅವಳಿಗೆ ಅವರನ್ನು ಬೇಗ ಸಾಗಹಾಕಬೇಕಿತ್ತು. ಯಂತ್ರ ಒರೆಸಿದಳು, ಅದರ ಸಣ್ಣ ಕೊಳವೆಯನ್ನು ಊದಿದಳು, ಬ್ಯಾಟರಿ ಬದಲಿಸಿದಳು, ಕೇಳಿಸುತ್ತದೆಯೇ ಎಂದು ಒಂದರಿಂದ ಹತ್ತು ಎಣಿಸಿದಳು. ಅವರು ತಮ್ಮ ಸೊಸೆಯ ದನಿ ಈಗ ಕೇಳಿಸುತ್ತದೆ, ಆದರೆ ಕೇಳಿಸದಿದ್ದಾಗಲೇ ಚೆನ್ನಾಗಿತ್ತು ಎಂದರು. ಅವಳು ನಗಬೇಕಾದಲ್ಲಿ ನಕ್ಕಳು. ಅವರು ಎದ್ದು ಹೋಗಲಿಲ್ಲ, ಕಾಯುವವರ ಬೆಂಚಿನ ಮೇಲೆ ಕೂತು ಹಳೆಯ ಪತ್ರಿಕೆ ಬಿಡಿಸಿದರು. ಅವರಿಗೂ ಮನೆಗೆ ಹೋಗುವ ಅವಸರ ಇದ್ದಂತಿರಲಿಲ್ಲ. ಅವಳು ಮೇಜಿಗೆ ಹಿಂತಿರುಗಿದಳು. ಬರೆದದ್ದು ಬರೆದ ಹಾಗೆಯೇ ಕಾಯುತ್ತಿತ್ತು. ಇನ್ನೊಮ್ಮೆ ಓದಿದರೆ ಅಳಿಸಿಬಿಡುತ್ತೇನೆ ಎಂದು ಗೊತ್ತಿದ್ದರಿಂದ ಓದದೆ, ಕಣ್ಣು ಮುಚ್ಚಿಕೊಂಡೇ ಅನ್ನಬೇಕು, ಕಳಿಸುವ ಗುಂಡಿಯನ್ನು ಒತ್ತಿದಳು.

ಕಣ್ಣು ತೆರೆದಾಗ ತನ್ನ ಮಾತುಗಳ ಪಕ್ಕದಲ್ಲಿ ಗುಲಾಬಿ ಕಿವಿ ಕೂತಿತ್ತು. ಸ್ಟೇಷನ್ ಮಾಸ್ಟರ ಜೊತೆ ಹತ್ತು ನಿಮಿಷ ಕಳೆದು, ಉಂಗುರ ತಾನಾಗಿಯೇ ಮರಳಿಬಿಟ್ಟಿತ್ತು. ಅಪ್ಪನಿಗೆ ನೋವು ಮಾಡಿದ್ದು, ಅಚ್ಚು ಸೊಟ್ಟಗಿದ್ದದ್ದು, ಗೊತ್ತಿದ್ದೂ ಸುಮ್ಮನಿದ್ದದ್ದು ಎಲ್ಲವನ್ನೂ ಅಂಗಡಿಯೇ ಬೀದಿಯಲ್ಲಿ ನಿಂತು ಒಪ್ಪಿಕೊಂಡಂತಿತ್ತು. ಅವಳಿಗೆ ಮೊದಲು ನೆನಪಾದದ್ದು ಡಾಕ್ಟರಮ್ಮ. ಅಣ್ಣ ನೆನಪಾದದ್ದು ಆಮೇಲೆ. ಈ ಹಿಂದುಮುಂದನ್ನು ತಾನೇ ಗಮನಿಸಿಕೊಂಡು, ಯಾರೂ ನೋಡದಿದ್ದರೂ, ಅವಳ ಮುಖ ಬಿಸಿಯಾಯಿತು. ಅಷ್ಟರಲ್ಲಿ ಕೆಳಗೆ ಸಾಲುಗಳು ಹುಟ್ಟತೊಡಗಿದವು. ಅಣ್ಣ ಮನೆ ಕಟ್ಟುವವರಿಗೆ ನಕ್ಷೆ ಬರೆದುಕೊಡುವವನು, ಅವನ ಸ್ನೇಹಿತರೆಲ್ಲ ಕಂಟ್ರಾಕ್ಟರುಗಳು, ಮೇಸ್ತ್ರಿಗಳು; ಹಗಲು ಹೊತ್ತಿನಲ್ಲಿ ಇಂಥದ್ದಕ್ಕೆ ಅವರಿಗೆ ಹೇಗೆ ಬಿಡುವಾಗುತ್ತದೋ. 'ಬೆಲ್ಲು ಕೆಟ್ಟರೆ ಕಿವಿ ಮಾರೋಕೆ ಬರ್ತಾರೆ ನೋಡಪ್ಪ' ಎಂದು ಒಬ್ಬ. 'ಅಂಗಡಿಗೂ ಅಪ್ಪ ಇರ್ತಾರೆ ಅಂತ ಇವತ್ತೇ ಗೊತ್ತಾಗಿದ್ದು' ಎಂದು ಇನ್ನೊಬ್ಬ. ಅವರ ಮಾತು ಹೋಗಲಿ, ಯಾವಳೋ ಹೆಂಗಸು ಬರೆದಿದ್ದಳು: 'ನಮ್ಮ ಅತ್ತೆಗೂ ನೋಯುತ್ತೆ. ಇದೇ ಅಂಗಡಿಯವರು ಅಭ್ಯಾಸ ಆಗುತ್ತೆ ಅಂದರು.' ಅವಳಿಗೆ ಆ ಅತ್ತೆಯ ಮುಖ ನೆನಪಾಗಲಿಲ್ಲ. ಎಷ್ಟೊಂದು ಕಿವಿಗಳು. ಕಿವಿಗಳನ್ನು ಅವಳು ನೆನಪಿಟ್ಟುಕೊಳ್ಳಬಲ್ಲಳು, ಮುಖಗಳು ಉಳಿಯುವುದಿಲ್ಲ.

ಡಾಕ್ಟರಮ್ಮ ಒಳಗಿನ ಕೋಣೆಯಿಂದ ಫೋನ್ ಹಿಡಿದುಕೊಂಡೇ ಬಂದರು. ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಎಂದೂ ದನಿ ಏರಿಸಿದವರಲ್ಲ. ಇವತ್ತೂ ಏರಿಸಲಿಲ್ಲ, ಅದೇ ಕಷ್ಟ.

'ಇದು ನೀವು ಬರೆದದ್ದಾ?'

'ಹೌದು ಮೇಡಂ. ನನ್ನ ಹೆಸರಲ್ಲಿ ಅಂದ್ಕೊಂಡು...'

'ನಿಮ್ಮ ಹೆಸರು ಇದರೊಳಗೆ ಯಾಕೆ ಇದೆ?'

ಡಾಕ್ಟರಮ್ಮ ಪರದೆಯ ಮೇಲೆ ಬಾಗಿ ಬೂದು ವೃತ್ತವನ್ನು ನೋಡಿದರು, ಆಮೇಲೆ ಕರೆಗಂಟೆಯ ಫೋಟೊ ನೋಡಿದರು, ಆಮೇಲೆ ಅವಳನ್ನು ನೋಡಿದರು. 'ನಿಮ್ಮ ಸ್ವಂತ ಅಣ್ಣ ಅಲ್ವಾ ಇವರು? ಒಂದೇ ಊರು. ಬಸ್ಸಲ್ಲಿ ಹೋಗಿ ಹೇಳಿ ಬರೋದು ತಾನೇ?' ಎಂದರು. ಬೈಗುಳ ಆಗಿದ್ದರೆ ತಡೆದುಕೊಳ್ಳಬಹುದಿತ್ತು, ಅವರು ನಿಜವಾಗಿಯೂ ಅರ್ಥವಾಗದೆ ಕೇಳಿದ್ದರು. 'ನಾಲ್ಕು ಗಂಟೆಯೊಳಗೆ ತೆಗೆದುಬಿಡಿ. ನಿಮ್ಮ ಖಾತೆಯನ್ನೂ ಇದರಿಂದ ತೆಗೀರಿ. ಉಳಿದದ್ದು ನಾಳೆ ಮಾತಾಡೋಣ' ಎಂದು ಒಳಗೆ ಹೋದರು. ಬೆಂಚಿನ ಮೇಲೆ ಸ್ಟೇಷನ್ ಮಾಸ್ಟರ್ ಪತ್ರಿಕೆ ಕೆಳಗಿಳಿಸಿ ಇಬ್ಬರನ್ನೂ ನೋಡುತ್ತಿದ್ದರು. ಯಂತ್ರ ಕಿವಿಯಲ್ಲಿತ್ತು, ಎಲ್ಲವೂ ಕೇಳಿಸಿರಬೇಕು. ಆದರೂ ಕೇಳಿಸದವರ ಹಾಗೆ ಮತ್ತೆ ಪತ್ರಿಕೆ ಎತ್ತಿದರು. ಈ ಜಾಣಕಿವುಡಿಗೆ ಅವಳು ಮನಸ್ಸಿನಲ್ಲೇ ಅವರಿಗೆ ಕೃತಜ್ಞಳಾದಳು.

ತೆಗೆಯಬೇಕೆಂದು ಅವಳು ತನ್ನ ಮಾತುಗಳ ಪಕ್ಕದ ಮೂರು ಚುಕ್ಕಿಗಳ ಮೇಲೆ ಮೌಸು ಇಟ್ಟಳು. ಅದೇ ಹೊತ್ತಿಗೆ ಅವುಗಳ ಕೆಳಗೆ ಒಂದು ಹೊಸ ಸಾಲು ಬಂದು ಕೂತಿತು. ಅಣ್ಣನ ಫೋಟೊ, ಅಣ್ಣನ ಹೆಸರು. ಅವನು ಅಂಗಡಿಗೆ ಬರೆದಿದ್ದ, ಅರ್ಜಿ ಬರೆಯುವವನ ಭಾಷೆಯಲ್ಲಿ.

'ಮಾನ್ಯರೇ, ನಿಮ್ಮ ಅಂಗಡಿಯಲ್ಲಿ ಕಿವಿಯ ಅಚ್ಚು ತೆಗೆಯುವ ನನ್ನ ತಂಗಿ ಇದ್ದಾಳೆ. ದಯವಿಟ್ಟು ಅವಳಿಗೆ ತಿಳಿಸುವುದು. ನೋಯುತ್ತದೆ ಎಂದು ಅಪ್ಪ ನನಗೂ ಹೇಳಿದ್ದರು, ಒಂದು ಸಲವಲ್ಲ, ಬಹಳ ಸಲ. ಅವಳಿಗೆ ಬೇಜಾರಾಗುತ್ತದೆ, ಹೇಳಬೇಡಿ, ಅವಳು ಬಂದಾಗ ಮಾತ್ರ ಹಾಕಿಕೊಂಡು ಕೂತುಕೊಳ್ಳಿ ಎಂದು ಅವರಿಗೆ ಹೇಳಿಕೊಟ್ಟವನು ನಾನು. ಬೆಲ್ಲು ಕೆಟ್ಟಿರುವುದು ಮಾತ್ರ ನಿಜ.'

ಅವಳು ಅದನ್ನು ಓದಿದಳು. ಗೋಡೆಯ ಗಡಿಯಾರ ನೋಡಿದಳು. ಮೂರು ಐವತ್ತು. ಮತ್ತೆ ಓದಿದಳು. ಅಪ್ಪನೂ ಅಣ್ಣನೂ ಸೇರಿ, ವಾರಕ್ಕೊಂದು ಸಂಜೆ, ಗೇಟಿನ ಸದ್ದಾದ ಕೂಡಲೆ, ಎದ್ದು ಗುಂಡಿಗಳ ಡಬ್ಬಿ ತೆಗೆದು, ಸತ್ತ ಯಂತ್ರವನ್ನು ಕಿವಿಗೆ ಸಿಕ್ಕಿಸಿ, ಅವಳಿಗೆ ಬೇಜಾರಾಗದಿರಲಿ ಎಂದು. ಗೇಟಿನ ಸದ್ದು ಅಪ್ಪನಿಗೆ ಎಲ್ಲಿ ಕೇಳಿಸಬೇಕು, ಅಣ್ಣನೇ ಓಡಿ ಬಂದು ಹೇಳಿರಬೇಕು, ಬಂದಳು ಬಂದಳು, ಹಾಕ್ಕೊಳ್ಳಿ, ಎಂದು. ಕಿತ್ತಳೆ ಚೀಟಿ ಕೀಳಬೇಕೆಂದು ಅವರಿಬ್ಬರಿಗೂ ಗೊತ್ತೇ ಇರಲಿಲ್ಲವೋ ಏನೋ. ಮೂರು ವರ್ಷ ಅಣ್ಣ ತನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದಾನೆ ಅಂದುಕೊಂಡಿದ್ದಳು. ಅವನ ಸಿಟ್ಟಿನಲ್ಲಿ ಅರ್ಧಕ್ಕರ್ಧ ಅವನ ಮೇಲೆಯೇ ಇತ್ತು, ಅದನ್ನು ಹೊರುವುದಕ್ಕೆ ಅವನಿಗೆ ಇನ್ನೊಬ್ಬರು ಬೇಕಾಗಿದ್ದರು. ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟನ್ನು ಹೇಳುವುದಕ್ಕೆ ಮೂರು ವರ್ಷವೇ, ಅದೂ ಮಾನ್ಯರೇ ಎಂದು.

ಅವಳ ಸಾಲನ್ನು ಅಳಿಸಿದರೆ ಅದಕ್ಕೆ ತೂಗುಬಿದ್ದ ಅವನ ಸಾಲೂ ಹೋಗುತ್ತದೆ. ಆ ಆ್ಯಪಿನ ರೀತಿಯೇ ಹಾಗೆ. ಅವಳು ಎದ್ದು ಹಿಂದಿನ ಕಪಾಟಿನ ಹತ್ತಿರ ಹೋದಳು. ಅಲ್ಲಿ ಹದಿನೆಂಟು ವರ್ಷದ ಅಚ್ಚುಗಳು ಪುಟ್ಟ ಪುಟ್ಟ ಡಬ್ಬಿಗಳಲ್ಲಿ, ಒಂದೊಂದಕ್ಕೂ ಹೆಸರಿನ ಕಾರ್ಡು. ಕೆಳಗಿನಿಂದ ಎರಡನೆಯ ಸಾಲಿನಲ್ಲಿ ಅಪ್ಪನ ಡಬ್ಬಿ, ಬಿಸಾಡಬೇಕಾಗಿದ್ದದ್ದು, ಬಿಸಾಡಿರಲಿಲ್ಲ. ಒಳಗೆ ಆ ಸೊಟ್ಟ ಅಚ್ಚು, ದಾರದ ತುದಿ ಇನ್ನೂ ಅಂಟಿಕೊಂಡೇ. ಅವಳು ಕಾರ್ಡಿನ ಹಿಂಬದಿಗೆ ಅಣ್ಣನ ಮಾತುಗಳನ್ನು 'ಮಾನ್ಯರೇ'ಯಿಂದ 'ನಿಜ'ದವರೆಗೆ ಒಂದಕ್ಷರ ಬಿಡದೆ ಬರೆದುಕೊಂಡಳು. ಆಮೇಲೆ ಬಂದು ಅಳಿಸಿದಳು. ಅವಳ ಮಾತು, ಅವನ ಮಾತು, ಮೇಸ್ತ್ರಿಗಳ ನಗು, ಆ ಅತ್ತೆಯ ನೋವು ಎಲ್ಲವೂ ಒಂದೇ ಸಲಕ್ಕೆ ಹೋದವು. ಬೂದು ವೃತ್ತವನ್ನೂ ತೆಗೆದಳು. ಮೂಲೆಯಲ್ಲಿ ಗುಲಾಬಿ ಕಿವಿ ಒಂದೇ ಉಳಿಯಿತು. ಆಗ ಅವಳಿಗೆ ಹೊಳೆಯಿತು: ಅಣ್ಣ ಅಲ್ಲಿ ಕೂತು ನೋಡುತ್ತಿರುತ್ತಾನೆ. ಮೂರು ವರ್ಷದ ಮೇಲೆ ಬಾಯಿ ಬಿಟ್ಟಿದ್ದಾನೆ, ಬಿಟ್ಟ ಹತ್ತೇ ನಿಮಿಷಕ್ಕೆ ಅದನ್ನು ಯಾರೋ ಒರೆಸಿ ಹಾಕಿದ್ದಾರೆ. ತಂಗಿ ಓದಿ ಬೇಡ ಅಂದಳು ಎಂದಲ್ಲದೆ ಇನ್ನೇನು ತಿಳಿದಾನು? ಫೋನ್ ಮಾಡಿದರೆ, ಹೆಂಗಸಿನ ದನಿ, ತಂತಿಯಲ್ಲಿ ಇನ್ನಷ್ಟು ಸಣ್ಣಗಾಗಿ ಹೋಗುವ ದನಿ, ಅವನಿಗೆ ಗೊಣಗಿದ ಹಾಗೆ ಕೇಳಿಸುತ್ತದೆ, ಇಟ್ಟುಬಿಡುತ್ತಾನೆ.

ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋದವಳು ನಿಂತಳು. ಹಿಂದೆ ಬಂದು ಸ್ಟೇಷನ್ ಮಾಸ್ಟರ ಎದುರು ಕೂತಳು.

'ಸರ್, ಎಲ್ಲಿ ಚುಚ್ಚುತ್ತೆ? ತೋರಿಸಿ.'

'ಇರಲಿ ಬಿಡಮ್ಮ, ಅಭ್ಯಾಸ ಆಗುತ್ತೆ.'

'ಆಗಲ್ಲ ಸರ್. ತೋರಿಸಿ.'

ದೀಪ ಹಿಡಿದು ನೋಡಿದಳು. ಕಿವಿಯ ಒಳಮಡಿಕೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪಾಗಿತ್ತು. ಒಳಗೆ ಹೋಗಿ ಸಣ್ಣ ಸಾಣೆಯಲ್ಲಿ ಆ ಜಾಗವನ್ನು ತೇಯ್ದಳು, ನಯ ಮಾಡಿದಳು, ಹಾಕಿ ನೋಡಿದಳು, ಮತ್ತೆ ತೆಗೆದು ತೇಯ್ದಳು. ಮೂರನೆಯ ಸಲಕ್ಕೆ ಅವರು ಕೈಯೆತ್ತಿ, ಸಾಕು, ಈಗ ಏನೂ ಇಲ್ಲ, ಎಂದರು. ಅಷ್ಟು ಮಾಡಲು ಇಪ್ಪತ್ತು ನಿಮಿಷ ಹಿಡಿಯಿತು. ಡಾಕ್ಟರಮ್ಮನ ಬಾಗಿಲಲ್ಲಿ ನಿಂತು, 'ತೆಗೆದಿದ್ದೀನಿ ಮೇಡಂ. ಬಸ್ಸಲ್ಲಿ ಹೋಗಿ ಹೇಳಿ ಬರ್ತೀನಿ' ಎಂದಳು. ಅವರು ತಲೆಯೆತ್ತದೆ ಕೈಯಿಂದಲೇ ಹೋಗಿ ಎಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮೂರು ವರ್ಷದಲ್ಲಿ ಆ ರಸ್ತೆಗೆ ಒಂದು ಮೇಲ್ಸೇತುವೆ ಬಂದಿತ್ತು, ಇಳಿಯುವ ನಿಲ್ದಾಣ ಅರ್ಧ ಫರ್ಲಾಂಗು ಆಚೆಗೆ ಸರಿದಿತ್ತು. ಅಣ್ಣನ ಮನೆಯ ಗೋಡೆಗೆ ಹಸಿರು ಬಣ್ಣ ಹೊಡೆದದ್ದು ಅವಳಿಗೆ ಗೊತ್ತಿತ್ತು, ಮೆಟ್ಟಿಲ ಪಕ್ಕ ಬಿರುಕುಬಿಟ್ಟ ಹೂಕುಂಡವೂ ಗೊತ್ತಿತ್ತು. ಆದರೆ ಪರದೆಯಲ್ಲಿ ನೋಡಿದಾಗ ಎಲ್ಲ ಹತ್ತಿರ ಹತ್ತಿರ ಇದ್ದಂತಿತ್ತು. ಈಗ ಗೇಟಿನಿಂದ ಬಾಗಿಲಿಗೆ ನಡೆಯುವುದೇ ಮುಗಿಯಲಿಲ್ಲ. ಫೋಟೊದಲ್ಲಿ ನೋಡಿದ ಬಿಳಿ ಕರೆಗಂಟೆ ಫೋಟೊದಲ್ಲಿದ್ದ ಜಾಗದಲ್ಲಿಯೇ ಇತ್ತು. ಅವಳು ಒತ್ತಿದಳು.

ಒಳಗೆ ಅದು ಸ್ಪಷ್ಟವಾಗಿ, ಬೀದಿಗೇ ಕೇಳಿಸುವಷ್ಟು ಜೋರಾಗಿ ಮೊಳಗಿತು. ಎದುರು ಮನೆಯ ಹೆಂಗಸೊಬ್ಬಳು ಬಟ್ಟೆ ಒಣಹಾಕುತ್ತಿದ್ದವಳು ತಿರುಗಿ ನೋಡಿದಳು. ಅವಳು ಕಾದಳು. ಮತ್ತೆ ಒತ್ತಿದಳು. ಒಳಗೆ ಕುರ್ಚಿ ಸರಿದ ಸದ್ದಿಲ್ಲ, ಹೆಜ್ಜೆಯ ಸದ್ದಿಲ್ಲ. ಪಕ್ಕಕ್ಕೆ ಸರಿದು ಕಿಟಕಿಯಲ್ಲಿ ನೋಡಿದಳು. ಅಣ್ಣ ಹತ್ತು ಅಡಿ ದೂರದಲ್ಲಿ, ಬೆನ್ನು ಮಾಡಿ, ಎರಡು ಪರದೆಗಳ ಮುಂದೆ ಕೂತಿದ್ದ. ಒಂದರಲ್ಲಿ ಯಾರದೋ ಮನೆಯ ನಕ್ಷೆ, ಅಡುಗೆಮನೆಯ ಗೋಡೆ ಅರ್ಧಕ್ಕೇ ನಿಂತಿತ್ತು. ಇನ್ನೊಂದರಲ್ಲಿ ಅವಳಿಗೆ ದಿನವೂ ಗೊತ್ತಿದ್ದ ಅದೇ ಆ್ಯಪು, ಅದೇ ಪಟ್ಟಿಯಿಲ್ಲದ ಟ್ಯಾಬಿಲ್ಲದ ವಿಂಡೋ, ಕರೆಗಂಟೆಯ ಫೋಟೊ, ಅದರ ಕೆಳಗೆ ಏನೂ ಇಲ್ಲದ ಬಿಳಿ ಜಾಗ. ಅಣ್ಣ ಒಂದು ಗುಂಡಿ ಒತ್ತಿದ. ಪುಟ ಮಾಯವಾಗಿ ಮತ್ತೆ ಬಂತು, ಬಿಳಿ ಜಾಗ ಹಾಗೆಯೇ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದ. ಅವನ ಕತ್ತಿನ ಹಿಂದೆ ಕೂದಲು ಪೂರಾ ಬೆಳ್ಳಗಾಗಿತ್ತು, ಅದು ಯಾವ ಫೋಟೊದಲ್ಲೂ ಬಂದಿರಲಿಲ್ಲ. ಅವಳು ಬಾಗಿಲಿಗೆ ಬಂದು ಮೂರನೆಯ ಸಲ ಒತ್ತಿ, ಬೆರಳು ತೆಗೆಯದೆ ಹಿಡಿದಳು. ಎದುರು ಮನೆಯವಳು ಬಕೆಟ್ಟು ಕೆಳಗಿಟ್ಟಳು. ಕಿಟಕಿಯೊಳಗಿನ ಬೆನ್ನು ಅಲುಗಲಿಲ್ಲ.

ಕಿಟಕಿಯ ಗಾಜು ಬಡಿಯಬಹುದಿತ್ತು. ಹಿಂದಿನಿಂದ ಬಡಿದರೆ ಬೆಚ್ಚಿಬೀಳುತ್ತಾನೆ ಎನಿಸಿತು. ಕೇಳಿಸದವರನ್ನು ಎದುರಿನಿಂದಲೇ ಕರೆಯಬೇಕು. ಫೋನ್ ತೆಗೆದಳು. ಅಣ್ಣನ ಹೆಸರು ಬರೆದಳು. ಯಾವ ಖಾತೆ ಎಂದು ಎರಡು ಸಲ ನೋಡಿದಳು. ಬೂದು ವೃತ್ತ, ತನ್ನ ಹೆಸರು. ಬಿಳಿ ಜಾಗದಲ್ಲಿ ಹೆಬ್ಬೆರಳಿನಿಂದ ಬರೆದಳು: 'ಅಣ್ಣ, ಬಾಗಿಲಲ್ಲಿದ್ದೀನಿ.'

ಒಳಗಿನ ಪರದೆಯ ಮೇಲೆ ಒಂದು ಸಾಲು ಮೂಡಿದ್ದು ಕಿಟಕಿಯಿಂದ ಕಾಣಿಸಿತು. ಅಣ್ಣನ ಬೆನ್ನು ಮೊದಲು ಗಟ್ಟಿಯಾಯಿತು. ಮುಂದೆ ಬಾಗಿ, ಕನ್ನಡಕ ಮೇಲೆತ್ತಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋಗಿ ಓದಿದ. ಆಮೇಲೆ ನಿಧಾನವಾಗಿ ಕುರ್ಚಿಯ ಜೊತೆಗೇ ತಿರುಗಿದ. ಅವಳು ಬಾಗಿಲ ಮುಂದೆ ಬಂದು ನಿಂತಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಚೀಲದ ಪಟ್ಟಿ ಹಿಡಿದುಕೊಂಡಳು. ಚೀಲದಲ್ಲಿ ಅಪ್ಪನ ಡಬ್ಬಿ ಇತ್ತು, ಅದನ್ನು ಯಾವಾಗ ಹಾಕಿಕೊಂಡಳೋ ನೆನಪಿರಲಿಲ್ಲ.

ಅಗುಳಿ ಸರಿಯಿತು. ಅಣ್ಣ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಏನು ಹೇಳಬೇಕೆಂದು ಅವನೂ ಮೂರು ವರ್ಷದಿಂದ ಯೋಚಿಸಿರಬೇಕು. ಬಾಯಿಗೆ ಬಂದದ್ದು ಮಾತ್ರ ಬೇರೆಯೇ.

'ಬೆಲ್ ಒತ್ತಬಾರದಾ?' ಎಂದ.

ಈಗ ತಾನೇ ಬಂದೆ, ಒತ್ತಬೇಕು ಅಂತಿದ್ದೆ, ಎನ್ನಬಹುದಿತ್ತು. ಅವನಿಗೆ ಬೇಜಾರಾಗುವುದು ತಪ್ಪುತ್ತಿತ್ತು. ಅವಳು ಒಂದು ಹೆಜ್ಜೆ ಮುಂದೆ ಬಂದು, ತನ್ನ ತುಟಿಗಳು ಅವನಿಗೆ ಚೆನ್ನಾಗಿ ಕಾಣುವ ಹಾಗೆ ಮುಖವೆತ್ತಿ, ದನಿಯನ್ನು ತಗ್ಗಿನ ಶ್ರುತಿಯಲ್ಲಿ ಗಟ್ಟಿ ಮಾಡಿಕೊಂಡು ಹೇಳಿದಳು:

'ಒತ್ತಿದೆ ಅಣ್ಣ. ಮೂರು ಸಲ.'

ಅಣ್ಣ ಎದುರು ಮನೆಯ ಕಡೆ ನೋಡಿದ; ಅಲ್ಲಿ ಬಟ್ಟೆ ಹಿಡಿದ ಹೆಂಗಸು ಅವರನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಹೊಸ್ತಿಲು ದಾಟಿ ಹೊರಗೆ ಬಂದು, ತಾನೇ ಕೈ ಚಾಚಿ, ಆ ಬಿಳಿ ಗುಂಡಿಯ ಮೇಲೆ ಬೆರಳಿಟ್ಟು ಒತ್ತಿ ಹಿಡಿದ. ಒತ್ತಿ ಹಿಡಿದುಕೊಂಡೇ ಅವಳ ಮುಖವನ್ನು ನೋಡಿದ, ಚಿಕ್ಕಂದಿನಲ್ಲಿ ಜ್ವರ ಇದೆಯೋ ಇಲ್ಲವೋ ಎಂದು ತನ್ನ ಹಣೆ ಮುಟ್ಟಿದ ಅಪ್ಪನ ಮುಖ ನೋಡುತ್ತಿದ್ದ ಹಾಗೆ.

'ಆಗ್ತಾ ಇದೆಯಾ?' ಎಂದು ಕೇಳಿದ.

'ಆಗ್ತಾ ಇದೆ' ಎಂದಳು.